ಗೃಹಸ್ಥರ ಪಡಸಾಲೆಗೆ ಹೊಸ ನಾದದ ತಟ್ಟೆಗಳು

ಕಲಬುರಗಿಯಿಂದ ಹುಮನಾಬಾದಿನ ದಾರಿ ಹಿಡಿದು, ಕೆಂಪು ಬಾಳೆಗೆ ಹೆಸರಾದ ಕಮಲಾಪುರವನ್ನು ದಾಟಿ ಮುಂದೆ ಸಾಗಿದರೆ, ಒಂದು ಕಾಲಕ್ಕೆ ಚಾಲುಕ್ಯರ ರಾಜಧಾನಿಯಾಗಿ ಮೆರೆದ ಕಲ್ಯಾಣವು ಸಿಕ್ಕುವುದು. ಹನ್ನೆರಡನೆಯ ಶತಮಾನದಲ್ಲಿ ಅಲ್ಲಿಂದ ನಾಡನ್ನಾಳಿದ ಮೂರನೆಯ ಸೋಮೇಶ್ವರನು ‘ಮಾನಸೋಲ್ಲಾಸ’ವೆಂಬ ಸಂಸ್ಕೃತ ಗ್ರಂಥವನ್ನು ರಚಿಸಿದನು. ರಾಜ್ಯವನ್ನು ಪಡೆಯುವುದು, ಅದನ್ನು ಸ್ಥಿರಪಡಿಸುವುದು ಮೊದಲಾದ ಗಂಭೀರ ವಿಷಯಗಳ ಜೊತೆಯಲ್ಲಿಯೇ ಗೀತವಿನೋದ, ವಾದ್ಯವಿನೋದಗಳಿಗೂ ಅವನು ಅಧ್ಯಾಯಗಳನ್ನು ಮೀಸಲಿರಿಸಿದ್ದಾನೆ. ವಿನೋದವು ಬಾಳಿನ ಹೊರಗಿನ ವಸ್ತುವಲ್ಲ, ಅದನ್ನೂ ವಿವೇಕದಿಂದ ಆರಿಸಿಕೊಳ್ಳತಕ್ಕದ್ದು ಎಂಬುದೇ ಆ ಚಕ್ರವರ್ತಿಯ ಅಭಿಪ್ರಾಯವಾಗಿರಬೇಕು. ಅರಸನಿಗೆ ಒಪ್ಪುವ ಈ ಮಾತು ಗೃಹಸ್ಥನಿಗೂ ಒಪ್ಪದೆ ಇರದು.

ನಮ್ಮ ಮನೆಗಳಲ್ಲಿ ಈಚೆಗೆ ಎದ್ದಿರುವ ಒಂದು ಪ್ರಶ್ನೆಗೆ ಈ ವಿವೇಕವನ್ನು ಅನ್ವಯಿಸಿ ನೋಡುವುದೇ ಪ್ರಕೃತ ಲೇಖನದ ಉದ್ದೇಶ. ಗ್ರಾಮಫೋನಿನ ಕಪ್ಪು ತಟ್ಟೆಗಳ ಕಾಲ ಮುಗಿಯಿತೆಂದು ನಾವೆಲ್ಲ ತಿಳಿದಿದ್ದೆವು. ೧೯೯೦ರ ದಶಕದಲ್ಲಿ ನಮ್ಮ ದೇಶದ ಕಾರ್ಖಾನೆಗಳು ತಟ್ಟೆ ಒತ್ತುವುದನ್ನು ನಿಲ್ಲಿಸಿದುವು. ಕ್ಯಾಸೆಟ್ಟು ಬಂದಿತು, ಹೋಯಿತು, ಸಿ.ಡಿ. ಬಂದಿತು, ಹೋಯಿತು; ಹಾಡು ಈಗ ಕೈಯೊಳಗಿನ ಫೋನಿನಲ್ಲಿ ವಾಸಿಸುತ್ತಿದೆ. ಆದರೆ ಮಕ್ಕಳು ಮತ್ತೆ ತಟ್ಟೆಗಳನ್ನು ಕೊಳ್ಳತೊಡಗಿದ್ದಾರೆ. ೨೦೨೪ರಲ್ಲಿ ಮುಂಬಯಿಯ ಬಳಿ ತಟ್ಟೆ ಒತ್ತುವ ಹೊಸ ಕಾರ್ಖಾನೆಯೂ ಆರಂಭವಾಯಿತು. ಹೀಗೆ ಕೊಳ್ಳುವ ತಟ್ಟೆಗಳಲ್ಲಿ ಬಹಳಷ್ಟು ‘ಹೌಸ್’ ಎಂದೂ ‘ಎಲೆಕ್ಟ್ರಾನಿಕ್’ ಎಂದೂ ಕರೆಯಲ್ಪಡುವ ಸಂಗೀತದವು. ಒಂದೊಂದಕ್ಕೆ ಎರಡು ಮೂರು ಸಾವಿರ ರೂಪಾಯಿ ತೆರಬೇಕಾಗುವುದು. ಇದು ಹಣವನ್ನು ಗಾಳಿಗೆ ತೂರುವ ಕೆಲಸವೋ, ಇದರಲ್ಲಿ ಸತ್ತ್ವವುಂಟೋ, ಉಂಟಾದರೆ ಯಾವ ತಟ್ಟೆಗಳಲ್ಲಿ ಉಂಟು ಎಂಬುದನ್ನು ಹಿರಿಯರು ತಿಳಿದಿರುವುದು ಅವಶ್ಯ.

ಮೊದಲು ಒಂದು ಅಪಖ್ಯಾತಿಯ ವಿಚಾರವನ್ನು ಮುಗಿಸಿಬಿಡೋಣ. ಕಲಬುರಗಿಯಲ್ಲಿ ಗಣೇಶ ವಿಸರ್ಜನೆಯ ಕಾಲದಲ್ಲಿಯೂ ಮದುವೆಯ ಮೆರವಣಿಗೆಗಳಲ್ಲಿಯೂ ವಾಹನಗಳ ಮೇಲೆ ಆಳೆತ್ತರದ ಪೆಟ್ಟಿಗೆಗಳನ್ನು ಹೇರಿ ‘ಡಿ.ಜೆ.’ ಎಂದು ಮೊಳಗಿಸುತ್ತಾರಷ್ಟೆ. ಕಿಟಕಿಯ ಗಾಜು ನಡುಗುತ್ತದೆ. ಹೃದ್ರೋಗಿಗಳು ಎದೆ ಹಿಡಿದುಕೊಂಡು ಒಳಕೋಣೆಗೆ ಹೋಗುತ್ತಾರೆ. ಪರೀಕ್ಷೆಗೆ ಓದುವ ಹುಡುಗ ಪುಸ್ತಕವನ್ನು ಮುಚ್ಚುತ್ತಾನೆ. ಇದನ್ನು ಕೇಳಿದವರು ‘ವಿದ್ಯುತ್ತಿನ ಸಂಗೀತ’ವೆಂದೊಡನೆ ಕಿವಿ ಮುಚ್ಚಿಕೊಂಡರೆ ಅವರನ್ನು ದೂರಲಾಗದು. ಆದರೆ ‘ಡಿ.ಜೆ.’ ಎಂಬುದು ‘ಡಿಸ್ಕ್ ಜಾಕಿ’ ಎಂಬುದರ ಸಂಕ್ಷೇಪ. ತಟ್ಟೆಗಳನ್ನು ತಾಳ್ಮೆಯಿಂದ ಆರಿಸಿ, ಒಂದರ ಬಾಲಕ್ಕೆ ಇನ್ನೊಂದರ ತಲೆಯನ್ನು ತಾಳ ತಪ್ಪದಂತೆ ಹೊಂದಿಸುವವನೆಂದು ಅದರ ಅರ್ಥ. ನಮ್ಮ ಮೆರವಣಿಗೆಯಲ್ಲಿ ತಟ್ಟೆಯೂ ಇಲ್ಲ, ತಾಳ್ಮೆಯೂ ಇಲ್ಲ. ಉಪ್ಪು ಹೆಚ್ಚಾದ ಸಾರನ್ನು ಉಂಡವನು ಉಪ್ಪನ್ನೇ ದ್ವೇಷಿಸಿದರೆ ಹೇಗೋ, ಇದೂ ಹಾಗೆಯೇ ಸರಿ.

‘ಹೌಸ್’ ಎಂಬ ಹೆಸರಿನ ಬಗೆಗೂ ಎರಡು ಮಾತು. ಗೃಹಸ್ಥರ ಪತ್ರಿಕೆಯಲ್ಲಿ ‘ಮನೆಯ ಸಂಗೀತ’ವೆಂದು ಅರ್ಥ ಮಾಡಿಕೊಳ್ಳುವುದು ಸುಲಭ, ಆದರೆ ವ್ಯುತ್ಪತ್ತಿ ಬೇರೆ. ಅಮೆರಿಕದ ಶಿಕಾಗೋ ನಗರದಲ್ಲಿ ‘ವೇರ್‌ಹೌಸ್’, ಅಂದರೆ ಉಗ್ರಾಣ, ಎಂಬ ಹೆಸರಿನ ಒಂದು ನೃತ್ಯಶಾಲೆಯಿತ್ತು. ೧೯೭೭ರಿಂದ ಅಲ್ಲಿ ಫ್ರಾಂಕಿ ನಕಲ್ಸ್ ಎಂಬಾತನು ತಟ್ಟೆಗಳನ್ನು ನುಡಿಸುತ್ತಿದ್ದನು. ಬಹುಪಾಲು ಕಪ್ಪು ಜನರೇ ಸೇರುತ್ತಿದ್ದ ಆ ಸ್ಥಳದ ಹೆಸರಿನ ಬಾಲವೇ ಸಂಗೀತದ ಹೆಸರಾಗಿ ಉಳಿಯಿತು. ನಿಮಿಷಕ್ಕೆ ಸುಮಾರು ೧೨೦ರಿಂದ ೧೩೦ ಪೆಟ್ಟುಗಳ ನಡೆ. ನಾಲ್ಕು ಮಾತ್ರೆಗಳ ಆವರ್ತನೆಯಲ್ಲಿ ಪ್ರತಿ ಮಾತ್ರೆಗೂ ಒಂದು ದಪ್ಪ ಪೆಟ್ಟು. ಅದರ ಮೇಲೆ ನಿಧಾನವಾಗಿ ಬದಲಾಗುವ ಸ್ವರಗಳು: ಇದಿಷ್ಟೇ ಅದರ ಲಕ್ಷಣ. ಮುಂದೆ ಇದು ಅನೇಕ ಶಾಖೋಪಶಾಖೆಗಳಾಗಿ ಒಡೆದು ಯೂರೋಪು ಖಂಡವನ್ನೂ ವ್ಯಾಪಿಸಿತು.

ಶಾಸ್ತ್ರದ ಒಂದು ಜಿಜ್ಞಾಸೆ

ಸಂಸ್ಕೃತವನ್ನು ಓದಿದವರು ಇಲ್ಲಿ ಒಂದು ಆಕ್ಷೇಪವನ್ನು ತೆಗೆಯಬಹುದು. ಭರತಮುನಿಯು ವಾದ್ಯಗಳನ್ನು ತತ, ಅವನದ್ಧ, ಘನ, ಸುಷಿರ ಎಂದು ನಾಲ್ಕು ವಿಧವಾಗಿ ವಿಂಗಡಿಸಿದನು. ತಂತಿಯದು ವೀಣೆ, ಚರ್ಮದ ಹೊದಿಕೆಯದು ಮೃದಂಗ, ಲೋಹದ್ದು ತಾಳ, ರಂಧ್ರದ್ದು ಕೊಳಲು. ವಿದ್ಯುತ್ತಿನಿಂದ ಹುಟ್ಟುವ ಸ್ವರಕ್ಕೆ ತಂತಿಯಿಲ್ಲ, ಚರ್ಮವಿಲ್ಲ, ಲೋಹದ ಘರ್ಷಣೆಯಿಲ್ಲ, ಉಸಿರೂ ಇಲ್ಲ. ಇದನ್ನು ಎಲ್ಲಿ ಸೇರಿಸುವುದು? ಹದಿಮೂರನೆಯ ಶತಮಾನದಲ್ಲಿ ದೇವಗಿರಿಯ ಯಾದವರ ಆಶ್ರಯದಲ್ಲಿ ‘ಸಂಗೀತರತ್ನಾಕರ’ವನ್ನು ಬರೆದ ಶಾರ್ಙ್ಗದೇವನು ನಾದವನ್ನು ಆಹತ, ಅನಾಹತ ಎಂದು ಎರಡಾಗಿ ಹೇಳುತ್ತಾನೆ. ಪೆಟ್ಟಿನಿಂದ ಹುಟ್ಟಿದ್ದು ಆಹತ. ಪೆಟ್ಟಿಲ್ಲದೆ ಯೋಗಿಗಳಿಗೆ ಮಾತ್ರ ಗೋಚರಿಸುವುದು ಅನಾಹತ. ಯಂತ್ರದ ಸ್ವರವು ಯಾರೂ ಹೊಡೆಯದೆ ಹುಟ್ಟಿತೆಂದ ಮಾತ್ರಕ್ಕೆ ಅದನ್ನು ಅನಾಹತವೆನ್ನುವುದು ಹಾಸ್ಯಾಸ್ಪದ. ಧ್ವನಿವರ್ಧಕದ ಕಾಗದದ ಕೊಳವೆಯು ಹಿಂದೆ ಮುಂದೆ ಅಲುಗಿ ಗಾಳಿಗೆ ಪೆಟ್ಟು ಕೊಟ್ಟಲ್ಲದೆ ನಮಗೆ ಏನೂ ಕೇಳಿಸದು. ಆದುದರಿಂದ ಅದೂ ಆಹತವೇ; ಹೊಡೆಯುವ ಕೈ ಮಾತ್ರ ದೂರದಲ್ಲಿದೆ.

ಅಲ್ಲದೆ ಈ ಅತಿಥಿಯನ್ನು ನಾವು ಆಗಲೇ ಒಳಗೆ ಬರಮಾಡಿಕೊಂಡಾಗಿದೆ. ಬೆಂಗಳೂರಿನ ಜಿ. ರಾಜ್ ನಾರಾಯಣ ಅವರು ೧೯೭೯ರ ಸುಮಾರಿಗೆ ವಿದ್ಯುನ್ಮಾನ ತಂಬೂರಿಯನ್ನು ನಿರ್ಮಿಸಿದರು. ಇಂದು ಹಾಡು ಕಲಿಸುವ ಎಷ್ಟೋ ಮನೆಗಳಲ್ಲಿ ಆ ಪುಟ್ಟ ಪೆಟ್ಟಿಗೆಯೇ ಶ್ರುತಿ ಹಿಡಿಯುತ್ತದೆ. ಶ್ರುತಿಮಾತೆಯ ಪೀಠದಲ್ಲಿ ವಿದ್ಯುತ್ತನ್ನು ಕೂಡಿಸಿದ ಮೇಲೆ ಸಂಗೀತದಿಂದ ಅದನ್ನು ಬಹಿಷ್ಕರಿಸುವುದು ನ್ಯಾಯವಾಗದು.

ಎರಡನೆಯ ಆಕ್ಷೇಪವು ಇದಕ್ಕಿಂತ ಗಟ್ಟಿಯಾದುದು: ‘ಹಾಡಿದ್ದೇ ಹಾಡುವ ಕಿಸುಬಾಯಿದಾಸ’ನಂತೆ ಈ ಸಂಗೀತವು ಹೇಳಿದ್ದನ್ನೇ ಹೇಳುತ್ತದೆ ಎಂಬುದು. ಆವರ್ತನೆಯೇ ದೋಷವಾಗಿದ್ದರೆ ನಾಮಜಪವೂ ದೋಷವೇ ಆಗಬೇಕಾಗುತ್ತಿತ್ತು. ನಮ್ಮ ಸೀಮೆಯ ತತ್ತ್ವಪದದ ಭಜನೆಯನ್ನು ಕೇಳಿದವರು ಇದನ್ನು ಬಲ್ಲರು. ಏಕತಾರಿಯ ಒಂದೇ ಸ್ವರ, ದಿಮ್ಮಡಿಯ ಒಂದೇ ಗತಿ, ಪಲ್ಲವಿ ಮತ್ತೆ ಮತ್ತೆ ಮರಳುವುದು: ನಡುರಾತ್ರಿ ದಾಟಿದ ಮೇಲೆ ಆ ಪುನರುಕ್ತಿಯೇ ಕೇಳುವವನ ಮನಸ್ಸನ್ನು ಒಂದು ಕಡೆಗೆ ನಿಲ್ಲಿಸುವುದು.

ನಾನು ಕಮಲಾಪುರದಲ್ಲಿ ಪಾಠ ಹೇಳುತ್ತಿದ್ದ ಕಾಲದಿಂದ ಪರಿಚಿತರಾದ ಭಜನೆಯ ಹಿರಿಯರೊಬ್ಬರು ಕಳೆದ ಶ್ರಾವಣದಲ್ಲಿ ಕಲಬುರಗಿಯ ನಮ್ಮ ಮನೆಗೆ ಬಂದಿದ್ದಾಗ, ಇಂಥ ತಟ್ಟೆಯೊಂದರ ಒಂದು ಮಗ್ಗುಲನ್ನು ಪೂರ್ತಿಯಾಗಿ ಕೇಳಿದರು. ಬಳಿಕ ಹೇಳಿದ್ದು ಇಷ್ಟು: “ತಾಳ ತಪ್ಪಂಗಿಲ್ಲ ನೋಡ್ರಿ ಮಾಸ್ತರ್ರೆ, ನಡಿಗಿ ಚಲೋ ಅದ. ಆದ್ರ ಇದಕ್ಕ ದಣಿವಂಬೋದೇ ಇಲ್ಲ. ದಣೀಲಾರದ ಭಜನಿ ಎಂಥಾ ಭಜನಿ?” ಈ ಮಾತಿಗೆ ಸಮನಾದ ವಿಮರ್ಶೆಯನ್ನು ನಾನು ಯಾವ ಪುಸ್ತಕದಲ್ಲಿಯೂ ಓದಿಲ್ಲ. ಯಂತ್ರಕ್ಕೆ ದಣಿವಿಲ್ಲ, ಆದುದರಿಂದಲೇ ಕೀಳು ತರದ ಯಂತ್ರಸಂಗೀತವು ಕೇಳುವವನನ್ನು ದಣಿಸುವುದು. ಯಂತ್ರದ ಹಿಂದೆ ಮನುಷ್ಯನ ಕೈ ತಡವರಿಸುತ್ತ, ಹುಡುಕುತ್ತ, ತಿರುಗಿಸುತ್ತ ಇರುವುದು ಯಾವ ತಟ್ಟೆಯಲ್ಲಿ ಕೇಳಿಸುವುದೋ ಅದನ್ನು ಮಾತ್ರ ಮನೆಗೆ ತರತಕ್ಕದ್ದು. ಮುಂದೆ ಹೇಳುವ ತಟ್ಟೆಗಳನ್ನು ಈ ಒರೆಗಲ್ಲಿಗೆ ತಿಕ್ಕಿಯೇ ಆರಿಸಿದ್ದೇನೆ.

ಮೊದಲನೆಯದು: ಹತ್ತು ರಾಗಗಳ ತಟ್ಟೆ

ಚರಣಜಿತ್ ಸಿಂಗ್ ಎಂಬವರು ಮುಂಬಯಿಯ ಚಲಚ್ಚಿತ್ರ ವಾದ್ಯವೃಂದಗಳಲ್ಲಿ ಗಿಟಾರು ನುಡಿಸುತ್ತಿದ್ದ ಕಲಾವಿದರು. ೧೯೮೨ರಲ್ಲಿ ಅವರು ‘ಸಿಂಥಸೈಜಿಂಗ್: ಟೆನ್ ರಾಗಾಸ್ ಟು ಎ ಡಿಸ್ಕೋ ಬೀಟ್’ ಎಂಬ ತಟ್ಟೆಯನ್ನು ಹೊರತಂದರು. ಜಪಾನಿನ ರೋಲ್ಯಾಂಡ್ ಸಂಸ್ಥೆಯ ಮೂರು ಯಂತ್ರಗಳು ಅವರ ಬಳಿಯಿದ್ದುವು: ತಾಳಕ್ಕೆ ಟಿ.ಆರ್. ೮೦೮, ಮಂದ್ರಸ್ವರಕ್ಕೆ ಟಿ.ಬಿ. ೩೦೩, ರಾಗದ ಸಂಚಾರಕ್ಕೆ ಜುಪಿಟರ್ ೮. ಇವುಗಳಲ್ಲಿ ಎರಡನೆಯದು, ಒಂಟಿಯಾಗಿ ಗಿಟಾರು ಅಭ್ಯಾಸ ಮಾಡುವವನಿಗೆ ಜೊತೆ ನುಡಿಸಲೆಂದು ತಯಾರಾದ ಯಂತ್ರ. ಅದು ಒಂದು ಸ್ವರದಿಂದ ಇನ್ನೊಂದಕ್ಕೆ ಜಾರಬಲ್ಲುದಾಗಿತ್ತು. ಈ ಜಾರುವಿಕೆಯಲ್ಲಿ ಸಿಂಗ್ ಅವರು ನಮ್ಮ ಮೀಂಡನ್ನು ಕಂಡುಕೊಂಡರು. ಲಲಿತ್, ತೋಡಿ, ಭೂಪಾಲಿ, ಮೇಘ ಮಲ್ಹಾರ, ಯಮನ್, ಮಾಲ್‌ಕೌಂಸ್ ಮೊದಲಾದ ಹತ್ತು ರಾಗಗಳನ್ನು ನಾಲ್ಕು ಮಾತ್ರೆಯ ಬಿಡದ ಪೆಟ್ಟಿನ ಮೇಲೆ ನಡೆಯಿಸಿದರು.

ತಟ್ಟೆಯು ಆಗ ಮಾರಾಟವಾಗಲಿಲ್ಲ, ಕೇಳಿದವರೂ ಮರೆತರು. ಐದು ವರ್ಷಗಳ ತರುವಾಯ, ೧೯೮೭ರಲ್ಲಿ, ಶಿಕಾಗೋದ ‘ಫ್ಯೂಚರ್’ ಎಂಬ ತಂಡದ ಯುವಕರು ಅದೇ ಟಿ.ಬಿ. ೩೦೩ರ ಗುಂಡಿಗಳನ್ನು ತಿರುಗಿಸಿ ‘ಆಸಿಡ್ ಟ್ರ್ಯಾಕ್ಸ್’ ಎಂಬ ತಟ್ಟೆಯನ್ನು ಹೊರತಂದಾಗ ಲೋಕವು ‘ಆಸಿಡ್ ಹೌಸ್’ ಎಂಬ ಹೊಸ ಪ್ರಕಾರ ಹುಟ್ಟಿತೆಂದು ಕೊಂಡಾಡಿತು. ಒಬ್ಬರು ಇನ್ನೊಬ್ಬರನ್ನು ಕೇಳಿರಲಿಲ್ಲ. ಆದರೂ ಒಂದೇ ಯಂತ್ರದಿಂದ ಸೋದರರಂಥ ಎರಡು ನಾದಗಳು ಹುಟ್ಟಿದುವು. ೨೦೧೦ರಲ್ಲಿ ‘ಬಾಂಬೆ ಕನೆಕ್ಷನ್’ ಎಂಬ ಡಚ್ ಪ್ರಕಾಶನವು ಸಿಂಗ್ ಅವರ ತಟ್ಟೆಯನ್ನು ಪುನಃ ಒತ್ತಿಸಿದ ಮೇಲೆ ಅವರ ಹೆಸರು ಖಂಡಾಂತರಗಳಲ್ಲಿ ಹಬ್ಬಿತು. ಎಪ್ಪತ್ತು ದಾಟಿದ ವಯಸ್ಸಿನಲ್ಲಿ ಅವರು ಯೂರೋಪಿನ ವೇದಿಕೆಗಳನ್ನೇರಿ ನುಡಿಸಿದರು, ೨೦೧೫ರಲ್ಲಿ ತೀರಿಕೊಂಡರು.

ಗುಣದೋಷಗಳನ್ನು ಹೇಳಬೇಕಷ್ಟೆ. ರಾಗವಿಸ್ತಾರವನ್ನು ಬಯಸುವವರಿಗೆ ಇಲ್ಲಿ ಆಲಾಪದ ನೆಮ್ಮದಿ ದೊರೆಯದು. ಪ್ರಾತಃಕಾಲದ ಲಲಿತ್‌ಗೂ ಮಳೆಗಾಲದ ಮೇಘಕ್ಕೂ ಒಂದೇ ಓಟದ ನಡೆ. ಆದರೆ ಸ್ವರಗಳು ಶುದ್ಧ. ಸಂಚಾರ ರಾಗದ ಎಲ್ಲೆಯನ್ನು ಮೀರದು. ನುಡಿಸುವವನ ಸಂತೋಷವು ಪ್ರತಿ ತಿರುವಿನಲ್ಲಿಯೂ ಕೇಳಿಸುವುದು. ಹುಡುಗರಿಗೆ ರಾಗದ ಹೆಸರು ಹಿಡಿಸುವುದಕ್ಕೆ ಇದಕ್ಕಿಂತ ಒಳ್ಳೆಯ ಸಾಧನವನ್ನು ನಾನು ಕಂಡಿಲ್ಲ. ತಟ್ಟೆಯ ಹೊದಿಕೆಯನ್ನು ಮರೆಮಾಡಿ, ಇದು ಯಾವ ರಾಗ ಹೇಳು ಎಂದು ಕೇಳಿದರೆ ಒಂದು ಸಂಜೆ ಆಟವಾಗಿಯೇ ಕಳೆಯುವುದು.

ಎರಡನೆಯದು: ಅಹಮದಾಬಾದಿನ ಸುರುಳಿಗಳು

ಈ ವಿದ್ಯೆಯು ಪರಕೀಯವೆಂದು ವಾದಿಸುವವರಿಗೆ ಎರಡನೆಯ ತಟ್ಟೆಯೇ ಉತ್ತರ. ಅಹಮದಾಬಾದಿನಲ್ಲಿರುವ ರಾಷ್ಟ್ರೀಯ ವಿನ್ಯಾಸ ಸಂಸ್ಥೆಗೆ ೧೯೬೯ರಲ್ಲಿ ಡೇವಿಡ್ ಟ್ಯೂಡರ್ ಎಂಬ ಅಮೆರಿಕದ ಸಂಗೀತಗಾರನು ಮೂಗ್ ಎಂಬ ಹೆಸರಿನ ಸಿಂಥಸೈಜರ್ ಯಂತ್ರವನ್ನು ತಂದು ಸ್ಥಾಪಿಸಿದನು. ಪಖವಾಜ್ ವಾದನದಲ್ಲಿ ಪರಿಶ್ರಮವಿದ್ದ ಗೀತಾ ಸಾರಾಭಾಯಿ ಅವರು ಈ ಕಾರ್ಯದಲ್ಲಿ ಮುಂದಾಳು. ಜಾನ್ ಕೇಜ್ ಎಂಬ ಪ್ರಸಿದ್ಧ ಅಮೆರಿಕನ್ ವಾಗ್ಗೇಯಕಾರನಿಗೆ ೧೯೪೬ರಲ್ಲಿ ಭಾರತೀಯ ಸಂಗೀತದ ತತ್ತ್ವವನ್ನು ಬೋಧಿಸಿದವರೂ ಇವರೇ. ಇವರೊಡನೆ ಐ. ಎಸ್. ಮಾಥುರ್, ಅತುಲ್ ದೇಸಾಯಿ, ಎಸ್. ಸಿ. ಶರ್ಮಾ, ಜಿನ್‌ರಾಜ್ ಜೋಶಿಪುರಾ ಎಂಬವರು ಕೆಲವು ವರ್ಷ ಆ ಯಂತ್ರದ ಮುಂದೆ ಕುಳಿತು ಪ್ರಯೋಗ ನಡೆಸಿದರು. ಬಳಿಕ ಕೊಠಡಿ ಮುಚ್ಚಿತು. ಟೇಪಿನ ಸುರುಳಿಗಳು ಸಂಸ್ಥೆಯ ಕಪಾಟುಗಳಲ್ಲಿ ದಶಕಗಳ ಕಾಲ ಮಲಗಿದುವು.

ಅವನ್ನು ಹೊರತೆಗೆದವರು ಪಾಲ್ ಪರ್ಗಸ್ ಎಂಬ ಬ್ರಿಟಿಷ್ ಕಲಾವಿದರು. ೨೦೨೩ರಲ್ಲಿ ‘ದಿ ಎನ್.ಐ.ಡಿ. ಟೇಪ್ಸ್’ ಎಂಬ ಹೆಸರಿನಿಂದ, ೧೯೬೯ರಿಂದ ೧೯೭೨ರವರೆಗಿನ ಆ ರಚನೆಗಳು ತಟ್ಟೆಯ ರೂಪದಲ್ಲಿ ಬಂದುವು. ಇದರಲ್ಲಿ ಕುಣಿತದ ತಾಳವಿಲ್ಲ. ಹಕ್ಕಿಯ ಚಿಲಿಪಿಲಿಯಂತೆ, ಮಳೆಯ ಹನಿಯಂತೆ, ಒಮ್ಮೊಮ್ಮೆ ಗ್ರಹಲೋಕದ ಸಂಚಾರದಂತೆ ಕೇಳುವ ನಾದಗಳಿವೆ. ಮೊದಲ ಸಲ ಕೇಳಿದವರಿಗೆ ಇದು ರೇಡಿಯೋ ಕೆಟ್ಟಂತೆ ತೋರಬಹುದು. ಹಾಗೆಂದು ಅರ್ಧಕ್ಕೆ ನಿಲ್ಲಿಸಬಾರದು. ಹೊಸ ವಾದ್ಯದ ಮುಂದೆ ಕುಳಿತವನು ಮೊದಲ ಬಾರಿಗೆ ಸ್ವರವನ್ನು ಹುಡುಕುವ ಕುತೂಹಲವು ಇದರಲ್ಲಿ ಇರುವಷ್ಟು ಬೇರೆಲ್ಲಿಯೂ ಇಲ್ಲ. ಮನೆಯಲ್ಲಿ ವಿಜ್ಞಾನ ಓದುವ ಮಕ್ಕಳಿದ್ದರೆ ಅವರ ಕೈಗೆ ಕೊಡತಕ್ಕ ತಟ್ಟೆಯಿದು.

ಮೂರನೆಯದು ಮತ್ತು ನಾಲ್ಕನೆಯದು: ಹೊತ್ತಿನ ಸಂಗೀತ

ರಾಗಗಳಿಗೆ ವೇಳೆಯನ್ನು ಗೊತ್ತುಪಡಿಸಿದವರು ನಾವು. ಈ ತತ್ತ್ವವನ್ನು ಹಿಡಿದು ರಚಿತವಾದ ಎರಡು ಹೊಸ ತಟ್ಟೆಗಳಿವೆ. ಲಂಡನ್ನಿನ ಕೀರನ್ ಹೆಬ್ಡನ್ ಎಂಬಾತನು ‘ಫೋರ್ ಟೆಟ್’ ಎಂಬ ಹೆಸರಿನಲ್ಲಿ ಸಂಗೀತ ರಚಿಸುತ್ತಾನೆ. ಆತನ ತಾಯಿಯ ಕಡೆಯವರು ಭಾರತೀಯ ಮೂಲದವರು. ೨೦೧೫ರಲ್ಲಿ ಬಂದ ‘ಮಾರ್ನಿಂಗ್/ಈವ್ನಿಂಗ್’ ತಟ್ಟೆಯಲ್ಲಿ ಒಂದು ಮಗ್ಗುಲು ಬೆಳಗು, ಮತ್ತೊಂದು ಮಗ್ಗುಲು ಸಂಜೆ. ಒಂದೊಂದೂ ಸುಮಾರು ಇಪ್ಪತ್ತು ನಿಮಿಷ. ಬೆಳಗಿನ ಮಗ್ಗುಲಿನಲ್ಲಿ ಮೆಲ್ಲನೆಯ ಹೌಸ್ ತಾಳದ ಮೇಲೆ ತೇಲಿ ಬರುವುದು ಲತಾ ಮಂಗೇಶ್ಕರ್ ಅವರ ಕಂಠ! ೧೯೮೩ರ ‘ಸೌತನ್’ ಎಂಬ ಹಿಂದೀ ಚಿತ್ರಕ್ಕಾಗಿ ಉಷಾ ಖನ್ನಾ ಅವರು ಸಂಯೋಜಿಸಿದ ಗೀತೆಯ ತುಣುಕದು. ನಮ್ಮ ಮನೆಯಾಕೆ ಅಡುಗೆಯ ಮನೆಯಿಂದ ಒಗ್ಗರಣೆಯ ಸೌಟು ಹಿಡಿದುಕೊಂಡೇ ಹೊರಗೆ ಬಂದು, “ಇದು ಲತಾಬಾಯಿ ಅಲ್ಲೇನ್ರಿ?” ಎಂದು ನಿಂತದ್ದುಂಟು. ಅಲ್ಲಿಯತನಕ ಈ ತಟ್ಟೆಗಳ ವಿಷಯದಲ್ಲಿ ಆಕೆ ಮೌನವಾಗಿದ್ದಳು.

ಅರುಷಿ ಜೈನ್ ಎಂಬ ಯುವತಿ ಭಾರತದಲ್ಲಿ ಬೆಳೆದು ಅಮೆರಿಕದಲ್ಲಿ ನೆಲಸಿದವರು. ಹಿಂದುಸ್ತಾನಿ ಗಾಯನವನ್ನು ಕಲಿತವರು. ತಂತಿಗಳನ್ನು ಕೈಯಿಂದ ಒಂದೊಂದಾಗಿ ಜೋಡಿಸಿ ನುಡಿಸಬೇಕಾದ ‘ಮಾಡ್ಯುಲರ್’ ಸಿಂಥಸೈಜರಿನಲ್ಲಿ ಅವರು ರಾಗಗಳನ್ನು ಹಿಡಿಯುತ್ತಾರೆ. ೨೦೨೧ರ ‘ಅಂಡರ್ ದಿ ಲೈಲಾಕ್ ಸ್ಕೈ’ ತಟ್ಟೆಯನ್ನು ಸೂರ್ಯಾಸ್ತದ ಹೊತ್ತಿನಲ್ಲಿ ಕೇಳಬೇಕೆಂದು ಅವರ ಅಪೇಕ್ಷೆ. ೨೦೨೪ರ ‘ಡಿಲೈಟ್’ ಬಾಗೇಶ್ರೀ ರಾಗವನ್ನು ಆಧರಿಸಿದ್ದು. ಬಾಗೇಶ್ರೀ ರಾತ್ರಿಯ ರಾಗ. ವಿರಹದ ರಾಗವೆಂದು ರೂಢಿ. ಅದರಿಂದ ಆನಂದವನ್ನು ಹಿಂಡಿ ತೆಗೆದಿರುವುದೇ ಈ ತಟ್ಟೆಯ ವಿಶೇಷ. ಇಲ್ಲಿಯೂ ತಾಳದ ಅಬ್ಬರವಿಲ್ಲ. ಮಾಳಿಗೆಯ ಮೇಲೆ ಹಾಸಿಗೆ ಹಾಸಿಕೊಂಡು ಬೇಸಿಗೆಯ ಇರುಳನ್ನು ಕಳೆಯುವ ನಮ್ಮ ಕಲಬುರಗಿಯವರಿಗೆ ಇದು ಹೇಳಿ ಮಾಡಿಸಿದಂತಿದೆ.

ಐದನೆಯದು: ಕನ್ನಡದ ದನಿ

ಈ ಹೊಸ ನಾದದಲ್ಲಿ ಕನ್ನಡಕ್ಕೆ ಸ್ಥಾನವಿಲ್ಲವೇ ಎಂದರೆ, ಉಂಟು. ಭಾವಗೀತೆಗಳಿಂದಲೂ ೨೦೦೭ರ ‘ದುನಿಯಾ’ ಚಿತ್ರದ ಗೀತೆಯಿಂದಲೂ ಮನೆಮಾತಾದ ಬೆಂಗಳೂರಿನ ಗಾಯಕಿ ಎಂ. ಡಿ. ಪಲ್ಲವಿ ಅವರು ಜರ್ಮನಿಯ ಹ್ಯಾಂಬರ್ಗಿನ ಆಂಡಿ ಒಟ್ಟೋ ಎಂಬ ಸಂಗೀತಗಾರನೊಡನೆ ಕೂಡಿ ತಟ್ಟೆಗಳನ್ನು ಹೊರತಂದಿದ್ದಾರೆ. ಒಟ್ಟೋ ನುಡಿಸುವ ‘ಫೆಲ್ಲೋ’ ಎಂಬುದು ಚೆಲ್ಲೋ ವಾದ್ಯದ ಕಮಾನಿಗೆ ಸೂಕ್ಷ್ಮಸಂವೇದಿಗಳನ್ನು ಕಟ್ಟಿ ಆತನೇ ಮಾಡಿಕೊಂಡ ವಾದ್ಯ; ಕಮಾನಿನ ಚಲನೆಯೇ ಯಂತ್ರದ ನಾದವನ್ನು ಬದಲಿಸುವುದು. ‘ಬ್ಯಾಂಗಲೋರ್ ವಿಸ್ಪರ್ಸ್’ ಮೊದಲು ಬಂದಿತು; ‘ಸಾಂಗ್ಸ್ ಫಾರ್ ಬ್ರೋಕನ್ ಶಿಪ್ಸ್’ ಅನಂತರದ್ದು. ತಿಳಿಯದ ಭಾಷೆಯ ಸಂಗೀತವನ್ನು ದೂರದಿಂದ ಮೆಚ್ಚುವುದು ಬೇರೆ. ಪರಿಚಿತ ಕಂಠವೊಂದು ಅಪರಿಚಿತ ನಾದದ ನಡುವೆ ನಿಂತು ನಮ್ಮನ್ನು ಒಳಗೆ ಕರೆಯುವುದು ಬೇರೆ. ಅಂಜಿಕೆಯಿರುವ ಹಿರಿಯರು ಇಲ್ಲಿಂದಲೇ ಆರಂಭಿಸಬಹುದು.

ಶುದ್ಧ ಹೌಸ್ ಸಂಗೀತದ ರುಚಿಯನ್ನು ಒಂದೇ ತಟ್ಟೆಯಲ್ಲಿ ನೋಡಬೇಕೆನ್ನುವವರು ಶಿಕಾಗೋದ ಲ್ಯಾರಿ ಹರ್ಡ್ ೧೯೮೬ರಲ್ಲಿ ‘ಮಿಸ್ಟರ್ ಫಿಂಗರ್ಸ್’ ಎಂಬ ಹೆಸರಿನಿಂದ ಹೊರತಂದ ‘ಕ್ಯಾನ್ ಯು ಫೀಲ್ ಇಟ್’ ಅನ್ನು ತರಿಸಲಿ. ಕೆಲವೇ ಸ್ವರಗಳು, ಒಂದು ಮಂದ್ರದ ನಡೆ. ಕುಣಿತಕ್ಕೆಂದು ಹುಟ್ಟಿದರೂ ಅದರಲ್ಲಿ ಶಾಂತರಸವೇ ಪ್ರಧಾನ.

ತಟ್ಟೆಯ ರಕ್ಷಣೆ

ಕೊಂಡ ಮೇಲೆ ಕಾಪಾಡುವ ವಿದ್ಯೆಯೂ ಬೇಕು. ನಮ್ಮ ಊರಿನ ಹವೆಯಲ್ಲಂತೂ ಅವಶ್ಯವಾಗಿ ಬೇಕು. ಹಿಂದಿನ ೭೮ ಸುತ್ತಿನ ತಟ್ಟೆಗಳು ಅರಗಿನವು, ಬಿದ್ದರೆ ಒಡೆಯುತ್ತಿದ್ದುವು. ೧೯೪೮ರಲ್ಲಿ ಅಮೆರಿಕದ ಕೊಲಂಬಿಯಾ ಸಂಸ್ಥೆಯು ನಿಮಿಷಕ್ಕೆ ಮೂವತ್ತಮೂರು ಚಿಲ್ಲರೆ ಸುತ್ತು ತಿರುಗುವ ದೀರ್ಘಾವಧಿಯ ವಿನೈಲ್ ತಟ್ಟೆಯನ್ನು ತಂದಿತು. ವಿನೈಲ್ ಒಡೆಯುವುದಿಲ್ಲ; ಆದರೆ ಬಿಸಿಲಿಗೆ ಬಾಗುತ್ತದೆ. ಸುಮಾರು ೬೦ ಡಿಗ್ರಿ ಶಾಖಕ್ಕೆ ಅದು ಮೆತ್ತಗಾಗುವುದು. ವೈಶಾಖದಲ್ಲಿ ಕಲಬುರಗಿಯ ನೆರಳೇ ೪೨ ಡಿಗ್ರಿಯನ್ನು ಮುಟ್ಟುವಾಗ, ಮುಚ್ಚಿದ ಮೋಟಾರಿನೊಳಗಾಗಲಿ ಪಶ್ಚಿಮದ ಕಿಟಕಿಯ ಬಳಿಯಲ್ಲಾಗಲಿ ಇಟ್ಟ ತಟ್ಟೆಯ ಗತಿಯನ್ನು ಹೇಳಬೇಕಾದ್ದಿಲ್ಲ. ಒಮ್ಮೆ ಪೊಟ್ಟಣ ತಂದವರು ಮನೆಯ ಬಾಗಿಲು ಬಡಿಯದೆ ಅಂಗಳದ ಬಿಸಿಲಲ್ಲಿ ಅದನ್ನು ಇಟ್ಟುಹೋದ ಕಾರಣ, ನನಗೆ ಸೇರಬೇಕಾದ ತಟ್ಟೆಯೊಂದು ಹಪ್ಪಳವಾಗಿ ಕೈಗೆ ಬಂದಿತು. ಆದುದರಿಂದ ಚೈತ್ರ ವೈಶಾಖಗಳಲ್ಲಿ ತರಿಸದೆ ಮಳೆ ಬಿದ್ದ ಮೇಲೆ ತರಿಸುವುದು ಕ್ಷೇಮ. ತಟ್ಟೆಗಳನ್ನು ಒಂದರ ಮೇಲೊಂದು ಪೇರಿಸದೆ ಪುಸ್ತಕಗಳಂತೆ ನೆಟ್ಟಗೆ ನಿಲ್ಲಿಸಬೇಕು. ಕರಿಮಣ್ಣಿನ ಧೂಳು ಗೆರೆಯೊಳಗೆ ಸೇರಿದರೆ ಚಟಪಟ ಸದ್ದು ಬರುವುದು. ನುಡಿಸುವ ಮುನ್ನ ಮೆತ್ತನೆಯ ಕುಂಚದಿಂದ ಒರೆಸಬೇಕು. ತೊಳೆಯಬೇಕಾದರೆ ಕೊಳವೆಬಾವಿಯ ಗಡಸು ನೀರು ಕೂಡದು. ಬಟ್ಟಿ ಇಳಿಸಿದ ನೀರನ್ನೇ ಬಳಸಬೇಕು.

ಯಂತ್ರವನ್ನು ಇಡುವ ಸ್ಥಳದ ವಿಷಯದಲ್ಲಿ ನಾವು ಭಾಗ್ಯವಂತರು. ತಟ್ಟೆಯ ಗೆರೆಯ ಎರಡು ಗೋಡೆಗಳಲ್ಲಿ ಎಡಬಲದ ನಾದಗಳು ಕೊರೆದಿರುತ್ತವೆ. ವಜ್ರದ ಮುಳ್ಳು ಅವನ್ನು ಸುಮಾರು ಎರಡು ಗ್ರಾಮಿನ ಭಾರದಿಂದ ಸವರುತ್ತ ಹೋಗುವುದು. ಇಷ್ಟು ಹಗುರವಾದ ಮುಳ್ಳಿಗೆ ಹೆಜ್ಜೆಯ ಸಪ್ಪಳವೂ ಭೂಕಂಪವೇ. ಹೊರಗಿನವರು ಇದಕ್ಕೆಂದು ಬೆಲೆಬಾಳುವ ಪೀಠಗಳನ್ನು ಕೊಳ್ಳುತ್ತಾರೆ. ನಮ್ಮ ಜಿಲ್ಲೆಯ ಶಹಾಬಾದ್ ಕಲ್ಲಿನ ದಪ್ಪ ಹಾಸೊಂದನ್ನು ಗಟ್ಟಿಯಾದ ಮೇಜಿನ ಮೇಲೆ ಇರಿಸಿ, ಅದರ ಮೇಲೆ ಯಂತ್ರವನ್ನು ಕೂಡಿಸಿದರೆ ಸಾಕು. ಧ್ವನಿವರ್ಧಕಗಳನ್ನು ಮಾತ್ರ ಅದೇ ಮೇಜಿನ ಮೇಲೆ ಇಡಕೂಡದು. ಮಂದ್ರನಾದದ ಕಂಪವು ಮುಳ್ಳಿಗೆ ಮರಳಿ ಗೊರಗೊರ ಸದ್ದು ಹುಟ್ಟುವುದು.

ಇನ್ನೊಂದು ಎಚ್ಚರಿಕೆ. ಅಜ್ಜನ ಕಾಲದ ಕೀಲಿ ಕೊಡುವ ಗ್ರಾಮಫೋನು ಅಟ್ಟದ ಮೇಲಿದೆಯೆಂದು ಹೊಸ ತಟ್ಟೆಯನ್ನು ಅದರ ಮೇಲೆ ಹಾಕಬೇಡಿರಿ. ಅದರ ಉಕ್ಕಿನ ಮುಳ್ಳು ಒಂದೇ ಸಲಕ್ಕೆ ವಿನೈಲನ್ನು ಉತ್ತುಬಿಡುವುದು. ಹಾಗೆಯೇ ಹಳೆಯ ೭೮ರ ತಟ್ಟೆಗೆ ಅಗಲವಾದ ಬೇರೆ ಮುಳ್ಳು ಬೇಕು. ಅಟ್ಟದಲ್ಲಿ ಅಂಥ ತಟ್ಟೆಗಳಿದ್ದರೆ ಗುಜರಿಗೆ ತೂಕದ ಲೆಕ್ಕದಲ್ಲಿ ಮಾರದೆ, ಒಮ್ಮೆ ಹೆಸರುಗಳನ್ನು ಓದಿ ನೋಡಿರಿ. ಮರೆತ ಕಂಠಗಳು ಎಷ್ಟೋ ಹೀಗೆಯೇ ಕಸವಾಗಿವೆ; ಚರಣಜಿತ್ ಸಿಂಗ್ ಅವರ ತಟ್ಟೆಯೂ ಯಾರೋ ಒಬ್ಬರು ಎಸೆಯದೆ ಇಟ್ಟುಕೊಂಡದ್ದರಿಂದಲೇ ಉಳಿಯಿತು.

ಕೇಳುವ ಕ್ರಮ

ಇಷ್ಟು ವೆಚ್ಚ ಶ್ರಮಗಳಿಂದ ಫಲವೇನು? ಇದೇ ಸಂಗೀತವು ಫೋನಿನಲ್ಲಿ ಕಡಿಮೆ ವೆಚ್ಚಕ್ಕೆ ಸಿಕ್ಕುವುದಲ್ಲವೇ ಎಂದು ಕೇಳುವವರಿದ್ದಾರೆ. ಸಿಕ್ಕುವುದು ನಿಜ. ಆದರೆ ಫೋನಿನ ಸಂಗೀತವು ಒಬ್ಬೊಬ್ಬರ ಕಿವಿಯೊಳಗೆ ಹೊಕ್ಕು ಮನೆಯವರನ್ನು ಬೇರೆ ಬೇರೆ ಮಾಡಿದೆ. ಒಂದೇ ಪಡಸಾಲೆಯಲ್ಲಿ ನಾಲ್ವರು ಕುಳಿತು ನಾಲ್ಕು ಹಾಡು ಕೇಳುವ ಕಾಲವಿದು. ಬೆಂಗಳೂರು, ಪುಣೆಗಳಲ್ಲಿ ದುಡಿಯುವ ಮಕ್ಕಳು ಹಬ್ಬಕ್ಕೆ ಬಂದಾಗ ಆರೋಗ್ಯ, ಸಂಬಳ, ಮನೆಯ ಬಾಡಿಗೆ ಎಂಬ ಮೂರು ಮಾತುಗಳಾದ ಮೇಲೆ ನಾಲ್ಕನೆಯ ಮಾತು ತೋಚದೆ ತಂದೆ ಮಕ್ಕಳು ಗೋಡೆ ನೋಡುವ ಮನೆಗಳು ಎಷ್ಟಿಲ್ಲ! ತಟ್ಟೆಯ ಒಂದು ಮಗ್ಗುಲು ಇಪ್ಪತ್ತು ನಿಮಿಷ. ಅಷ್ಟು ಹೊತ್ತು ಎಲ್ಲರೂ ಒಂದೇ ನಾದವನ್ನು ಕೇಳಬೇಕು. ಮುಗಿದ ಮೇಲೆ ಒಬ್ಬರು ಎದ್ದು ಮಗುಚಿಹಾಕಬೇಕು. ಆ ಮಗುಚುವ ಹೊತ್ತಿನಲ್ಲಿ, ಇದು ನಿನಗೇಕೆ ಹಿಡಿಸಿತು ಎಂದು ಹಿರಿಯರು ಕೇಳಲಿ. ಉತ್ತರವನ್ನು ಪೂರ್ತಿ ಕೇಳಿ ಬಳಿಕ ತಮ್ಮ ಅಭಿಪ್ರಾಯ ಹೇಳಲಿ. ಆಮೇಲೆ ಸಿದ್ದರಾಮ ಜಂಬಲದಿನ್ನಿಯವರನ್ನೋ ಮಲ್ಲಿಕಾರ್ಜುನ ಮನಸೂರರನ್ನೋ ತಾವು ಕೇಳಿಸಿದರೆ ಮಕ್ಕಳೂ ಕುಳಿತು ಕೇಳುವರು.

ಮರ್ಯಾದೆಗಳನ್ನೂ ಮರೆಯಬಾರದು. ರಾತ್ರಿ ಹತ್ತರಿಂದ ಬೆಳಗಿನ ಆರರವರೆಗೆ ಧ್ವನಿವರ್ಧಕವನ್ನು ಬಳಸಬಾರದೆಂದು ೨೦೦೦ದ ಶಬ್ದಮಾಲಿನ್ಯ ನಿಯಮಗಳು ವಿಧಿಸಿವೆ. ಮನೆಯೊಳಗಿನ ಯಂತ್ರವಾದರೂ ನೆರೆಯವರ ನಿದ್ದೆಯನ್ನು ಕಾಯುವ ಧರ್ಮ ಒಂದೇ. ಹೌಸ್ ಸಂಗೀ­ತದ ದಪ್ಪ ಪೆಟ್ಟು ಗೋಡೆಯನ್ನು ದಾಟುವುದರಲ್ಲಿ ನಿಪುಣ; ಪಕ್ಕದ ಕೋಣೆಗೆ ಹೋಗಿ ನಿಂತು ಕೇಳಿ, ಅಲ್ಲಿ ಮಾತು ಸಲೀಸಾಗಿ ಕೇಳಿಸುವಷ್ಟಕ್ಕೆ ಧ್ವನಿಯನ್ನು ತಗ್ಗಿಸುವುದು ಒಳ್ಳೆಯ ಅಳತೆ.

ಕೊಳ್ಳುವವರು ಎಲ್ಲವನ್ನೂ ಒಮ್ಮೆಗೇ ತರಿಸಬೇಕಾಗಿಲ್ಲ. ಹಳೆಯ ಹಾಡಿನಲ್ಲಿ ಅಭಿರುಚಿಯುಳ್ಳ ಮನೆಗೆ ಹತ್ತು ರಾಗಗಳ ತಟ್ಟೆ ಮೊದಲು. ಹೆಂಗಸರೂ ಮಕ್ಕಳೂ ಕೂಡಿ ಕೇಳುವ ಮನೆಗೆ ಬೆಳಗು ಸಂಜೆಗಳ ತಟ್ಟೆ. ಕನ್ನಡದ ಕಂಠವೇ ಬೇಕೆನ್ನುವವರಿಗೆ ಪಲ್ಲವಿಯವರದು. ಉಳಿದುವು ಮುಂದಿನ ದೀಪಾವಳಿಗೆ. ಮೊದಲು ಫೋನಿನಲ್ಲಿ ಒಮ್ಮೆ ಕೇಳಿ, ಮೂರನೆಯ ಸಲವೂ ಕೇಳಬೇಕೆನಿಸಿದ್ದನ್ನು ಮಾತ್ರ ಹಣ ಕೊಟ್ಟು ಕೊಳ್ಳಿರಿ. ಈ ಕ್ರಮದಿಂದ ವರ್ಷಕ್ಕೆ ಎರಡು ತಟ್ಟೆ ತಂದರೂ ಹತ್ತು ವರ್ಷಗಳಲ್ಲಿ ಇಪ್ಪತ್ತಾಗುವುವು. ಅಷ್ಟನ್ನು ಚೆನ್ನಾಗಿ ಕೇಳಿದ ಮನೆಗೆ ಸಂಗೀತದ ದಾರಿದ್ರ್ಯವಿರದು.